ಕಾರಿನ ಕೆಳಗಿನ ಜಾಗ

ನನಗೆ ಹೊಟ್ಟೆಕಿಚ್ಚು ಎಂದು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, ಹೊಟ್ಟೆಕಿಚ್ಚೇ. ಯಾರದೋ ಒಡವೆ ನೋಡಿ ಬಂದದ್ದಲ್ಲ, ಯಾರದೋ ಮನೆ ನೋಡಿಯೂ ಅಲ್ಲ. ನನ್ನ ತಂಗಿಯ ಗಂಡ ನಮ್ಮಪ್ಪನ ಕಾರಿನ ಕೆಳಗೆ ಅಂಗಾತ ಮಲಗಿದ್ದನ್ನು ನೋಡಿ ಬಂದದ್ದು. ನಗುವವರು ನಗಲಿ. ಆ ಜಾಗ ನನ್ನದು.

ಅಪ್ಪ ಲೇತ್ ಕೆಲಸದವರು. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಗುದ್ದಾಡಿ ನಿವೃತ್ತರಾದರು. ತಮ್ಮ ಕಾರನ್ನು ಗ್ಯಾರೇಜಿಗೆ ಕೊಡುವುದೆಂದರೆ ಅವರಿಗೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ. ಆರು ತಿಂಗಳಿಗೊಮ್ಮೆ, ಒಂದು ಭಾನುವಾರ ಬೆಳಿಗ್ಗೆ, ಮನೆ ಪಕ್ಕದ ಓಣಿಯಲ್ಲಿ ಕಾರು ನಿಲ್ಲಿಸಿ ಎಂಜಿನ್ ಆಯಿಲ್ ಬದಲಾಯಿಸುವುದು ನಮ್ಮ ಮನೆಯ ಪದ್ಧತಿ. ನನಗೆ ಹನ್ನೊಂದು ವರ್ಷವಾಗಿದ್ದಾಗಲೇ ಅಪ್ಪನ ಸೊಂಟ ಕೈಕೊಟ್ಟಿತ್ತು. ಬಗ್ಗುವುದು ಅವರ ಕೈಲಿ ಆಗುತ್ತಿರಲಿಲ್ಲ. ಅಂದಿನಿಂದ ಕೆಳಗೆ ನುಗ್ಗುವವಳು ನಾನು. ಅಪ್ಪ ಬಾನೆಟ್ ಎತ್ತಿಕೊಂಡು ಮೇಲೆ ನಿಲ್ಲುತ್ತಿದ್ದರು.

ಕೆಳಗೆ ನಾನೇನು ಮಾಡುತ್ತಿದ್ದೇನೆಂಬುದು ಅವರಿಗೆ ಕಾಣುವುದಿಲ್ಲ. ಅದಕ್ಕೇ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ ಕೇಳುತ್ತಿದ್ದರು. ಬೋಲ್ಟ್ ಬಿಚ್ಚಿದೆಯಾ, ಎಣ್ಣೆ ಪೂರ್ತಿ ಇಳಿಯಿತಾ, ವಾಷರ್ ಎಲ್ಲಿದೆ, ಎಣ್ಣೆ ಸೋಸುವ ಫಿಲ್ಟರ್ ಕಳಚಿದ ಮೇಲೆ ಅದರ ರಬ್ಬರ್ ಉಂಗುರ ಜೊತೆಗೇ ಬಂತಾ. ಆ ಕೊನೆಯದನ್ನಂತೂ ಎರಡು ಸಲ ಕೇಳುತ್ತಿದ್ದರು. ಹಳೇ ಫಿಲ್ಟರಿನ ಉಂಗುರ ಒಮ್ಮೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ನೋಡದೆ ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಉಂಗುರದ ಮೇಲೆ ಉಂಗುರವಾಗಿ, ಕಾರು ವೇಗ ಹಿಡಿದಾಗ ಎಣ್ಣೆಯೆಲ್ಲ ಹೊರಗೆ. ನಾನು ಬೆರಳಲ್ಲಿ ಸವರಿ ನೋಡಿ, ಬಂತು ಅಪ್ಪ, ಎನ್ನುತ್ತಿದ್ದೆ. ಆಮೇಲೇ ಮುಂದಿನ ಕೆಲಸ.

ಈಗ ನನಗೆ ನಲವತ್ತಮೂರು. ನಡುವೆ ನನ್ನ ಮದುವೆಯಾಯಿತು, ಎರಡು ಬೀದಿ ಆಚೆ ನನ್ನದೇ ಮನೆಯಾಯಿತು, ಅಪ್ಪನ ಕಾರು ಎರಡು ಸಲ ಬದಲಾಯಿತು. ನನ್ನ ಜಾಗ ಬದಲಾಗಲಿಲ್ಲ. ಅಪ್ಪ ಮಾತು ಕಮ್ಮಿಯ ಮನುಷ್ಯ. ವರ್ಷದಲ್ಲಿ ಅವರು ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುವುದು ಎಂದರೆ ಈ ಎರಡು ಭಾನುವಾರ, ಅದೂ ಒಂದು ಎಂಜಿನ್ ನಮ್ಮಿಬ್ಬರ ನಡುವೆ ಇದ್ದಾಗ. ಎಣ್ಣೆ ಸೋರಿ ಮುಗಿಯುವ ಅರ್ಧ ಗಂಟೆಯಲ್ಲಿ ಅವರು ನನಗೆ ಹೇಳಿದಷ್ಟನ್ನು ಬೇರೆ ಯಾರಿಗೂ ಹೇಳಿರಲಾರರು.

ನನಗಿಂತ ಎಂಟು ವರ್ಷ ಚಿಕ್ಕವಳಾದ ನನ್ನ ತಂಗಿಗೆ ಬಾನೆಟ್ ಯಾವ ಕಡೆಯಿಂದ ತೆರೆಯುತ್ತದೆ ಎಂಬುದೂ ಗೊತ್ತಿಲ್ಲ. ಹೋದ ವರ್ಷ ಅವಳೂ ಅವಳ ಗಂಡನೂ ಅಪ್ಪನ ಮನೆಯ ಮಹಡಿಗೆ ಬಂದು ಸೇರಿದರು. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಿತ್ತು. ಏನು ಕೆಲಸವಿದ್ದರೂ ಮೊಬೈಲಿನಲ್ಲಿ ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅಡಿಗೆರೆ ಎಳೆದು ಕಲಿಯುತ್ತಾನೆ. ನಲ್ಲಿ ರಿಪೇರಿ ಮಾಡಿದ. ಗೇಟಿನ ಕಿರುಗುಟ್ಟುವಿಕೆ ನಿಲ್ಲಿಸಿದ. ಅಪ್ಪ ಅವನನ್ನು ತಲೆ ಮೇಲೆ ಕೂರಿಸಿಕೊಂಡರು. ಅಳಿಯಂದ್ರು ಹಾಗೆ, ಅಳಿಯಂದ್ರು ಹೀಗೆ, ಕೇಳಿ ಕೇಳಿ ನನ್ನ ಕಿವಿ ತೂತಾಯಿತು. ನಾನು ಅವನಿಗೆ ಅಳಿಯ ದೇವರು ಎಂದು ಹೆಸರಿಟ್ಟೆ. ನನ್ನ ಗಂಡ ನಕ್ಕು, ದೇವರಿಗೆ ಹೊಟ್ಟೆಕಿಚ್ಚು ಪಡುವ ಮೊದಲನೇ ಭಕ್ತೆ ನೀನೇ, ಅಂದರು.

ಆ ಭಾನುವಾರ ನಾನು ಎಂದಿನಂತೆ ಹಳೇ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟೆ. ಓಣಿಗೆ ತಿರುಗಿದರೆ ಏನು ನೋಡುವುದು. ಕಾರು ಆಗಲೇ ಅಪ್ಪ ಮಾಡಿದ ಮರದ ಇಳಿಜಾರು ಹಲಗೆಗಳ ಮೇಲೆ ಹತ್ತಿ ನಿಂತಿದೆ. ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟಾಗಿದೆ. ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿವೆ, ಕಾಲಿಗೆ ಶುಭ್ರವಾದ ಬಿಳೀ ಕಾಲುಚೀಲ. ಆಯಿಲ್ ಬದಲಾಯಿಸಲು ಬಿಳೀ ಕಾಲುಚೀಲ ಹಾಕಿಕೊಂಡು ಬಂದ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು.

ಅಪ್ಪ ಬಾನೆಟ್ ಹಿಂದಿನಿಂದ ಇಣುಕಿದರು. "ಬಂದ್ಯಾ ದೊಡ್ಡು. ಇವತ್ತು ಅಳಿಯಂದ್ರು ಮಾಡ್ತಾರಂತೆ. ನಿನಗೂ ವಯಸ್ಸಾಯ್ತು, ನೆಲದ ಮೇಲೆ ಎಷ್ಟು ಅಂತ ಹೊರಳಾಡ್ತೀಯ. ಟಾರ್ಚ್ ಹಿಡ್ಕೋ ಸಾಕು."

ವಯಸ್ಸಾಯಿತಂತೆ. ಟಾರ್ಚ್ ಹಿಡಿದುಕೊಳ್ಳಬೇಕಂತೆ. ಎದುರು ಮಾತಾಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅಳು ಬಂದುಬಿಡುತ್ತದೆ ಎಂಬ ಹೆದರಿಕೆಗೆ ನಾನು ಟಾರ್ಚ್ ತೆಗೆದುಕೊಂಡು ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ. ಅವನು ಕೆಳಗಿನಿಂದಲೇ, ಸ್ವಲ್ಪ ಎಡಕ್ಕೆ ಅಕ್ಕ, ಥ್ಯಾಂಕ್ಸ್ ಅಕ್ಕ, ಎನ್ನುತ್ತಿದ್ದ. ಅವನ ಕೈಗೆ ನೀಲಿ ಬಣ್ಣದ ಕೈಗವಸು ಬೇರೆ. ಕೈಗೆ ತಾಗದ ಕೆಲಸ ತಲೆಗೆ ಹತ್ತುವುದಿಲ್ಲ ಎಂದು ನನ್ನ ಕೈಗವಸು ಕಿತ್ತೆಸೆದಿದ್ದ ಅಪ್ಪ, ಈಗ ಅದನ್ನು ನೋಡಿ, ಒಳ್ಳೇದು, ಉಗುರಿನಲ್ಲಿ ಕೊಳೆ ಕೂರುವುದಿಲ್ಲ, ಅಂದರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅಪ್ಪ ಅವನಿಗೆ ಪ್ರಶ್ನೆಗಳನ್ನು ಕೇಳಲಿಲ್ಲ. ಮಗಳನ್ನಾದರೆ ಗದರಿಸಿ ಕೇಳಬಹುದು. ಅಳಿಯನನ್ನು, ಅದೂ ಮೇಷ್ಟ್ರನ್ನು, ಉಂಗುರ ಬಂತಾ ವಾಷರ್ ಬಂತಾ ಎಂದು ಕೆದಕಿದರೆ ಮರ್ಯಾದೆ ಇರುತ್ತದೆಯೇ? ಒಂದೇ ಮಾತು ಕೇಳಿದರು, "ಎಲ್ಲಾ ಸರಿ ಇದೆ ತಾನೇ ಅಳಿಯಂದ್ರೇ?" ಅವನು, ಎಲ್ಲಾ ಸರಿ ಮಾವ, ಅಂದ.

ಸರಿ ಇರಲಿಲ್ಲ. ಅವನು ಹಳೇ ಫಿಲ್ಟರನ್ನು ಕಳಚಿದವನೇ ಕೆಳಗೆ ಎಣ್ಣೆ ಚೆಲ್ಲಬಾರದೆಂದು ನೇರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದ. ಅದನ್ನು ತಿರುಗಿಸಿ ನೋಡಲಿಲ್ಲ. ನಾನು ಕುಳಿತ ಕಡೆಯಿಂದ ಎಂಜಿನ್ನಿನ ಮೈ ಓರೆಯಾಗಿ ಕಾಣುತ್ತಿತ್ತು. ಅಲ್ಲಿ ಉಂಗುರ ಅಂಟಿಕೊಂಡಿತ್ತು. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರು, ಅಂಚು ಮಾತ್ರ ಸ್ವಲ್ಪ ಉಬ್ಬಿತ್ತು. ಅವನು ಬಟ್ಟೆ ತೆಗೆದುಕೊಂಡು ಆ ಜಾಗವನ್ನೆಲ್ಲ ಒರೆಸಿದ. ಉಂಗುರವನ್ನೂ ಸೇರಿಸಿಯೇ ಒರೆಸಿದ. ಫಳಫಳ ಹೊಳೆಯುವ ಹಾಗೆ ಒರೆಸಿ, ಹೊಸ ಫಿಲ್ಟರಿನ ಉಂಗುರಕ್ಕೆ ಎಣ್ಣೆ ಸವರತೊಡಗಿದ.

ಅಷ್ಟು ಹೊತ್ತು ನನಗೆ ಸಮಯವಿತ್ತು. ಒಂದು ಮಾತು ಸಾಕಾಗಿತ್ತು. ನಾನು ಬಾಯಿ ಬಿಡಲಿಲ್ಲ. ಟಾರ್ಚನ್ನು ಒಂದಿಷ್ಟೂ ಅಲುಗಿಸಲಿಲ್ಲ. ಈಗ ಎಂಜಿನ್ ಚಾಲೂ ಮಾಡಿದ ತಕ್ಷಣ ಎಣ್ಣೆ ಸೋರುತ್ತದೆ, ಅಳಿಯ ದೇವರ ಬಣ್ಣ ಬಯಲಾಗುತ್ತದೆ, ಅಪ್ಪ, ಎದ್ದೇಳಿ ಅಳಿಯಂದ್ರೇ, ದೊಡ್ಡು ನೀನು ಬಾ, ಎನ್ನುತ್ತಾರೆ. ನನಗೆ ಬೇಕಾಗಿದ್ದು ಅಷ್ಟೇ.

ಆದರೆ ಸೋರಲಿಲ್ಲ. ಅಪ್ಪ ನಾಲ್ಕು ಲೀಟರ್ ಸುರಿದು ಎಂಜಿನ್ ಚಾಲೂ ಮಾಡಿಸಿದರು. ಐದು ನಿಮಿಷ ಕಾದರು. ಒಂದು ತೊಟ್ಟೂ ಇಲ್ಲ. ಅಪ್ಪ ಅವನ ಬೆನ್ನು ತಟ್ಟಿದರು. ಮೂವತ್ತೆರಡು ವರ್ಷದಲ್ಲಿ ನನ್ನ ಬೆನ್ನು ತಟ್ಟಿದ ನೆನಪು ನನಗಿಲ್ಲ. ನಾನು ಟಾರ್ಚನ್ನು ಕಿಟಕಿಯ ಮೇಲಿಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಹೊರಟುಬಂದೆ.

ಮನೆಗೆ ಬಂದ ಮೇಲೆ ಯೋಚನೆ ಹತ್ತಿತು. ಓಣಿಯಲ್ಲಿ ನಿಂತ ಕಾರು ಸೋರದಿದ್ದರೆ ಏನಾಯಿತು, ದೊಡ್ಡ ರಸ್ತೆಯಲ್ಲಿ ಓಡುವಾಗ ಸೋರೇ ಸೋರುತ್ತದೆ. ಸಂಜೆ ಹೇಳಿಬಿಡೋಣವೆಂದು ಫೋನ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ತಂಗಿಯದೇ ಫೋನ್ ಬಂತು. ಅವಳ ಗಂಡನ ಗುಣಗಾನ ಮುಗಿಸಿ, "ಅಪ್ಪ ಹೇಳಿದ್ರು ಅಕ್ಕ, ಇನ್ಮೇಲೆ ಇದಕ್ಕೆಲ್ಲ ನಿನ್ನನ್ನ ಕರೆಯೋದು ಬೇಡವಂತೆ. ನಾವೇ ಮಾಡ್ಕೋತೀವಿ ಅಂದ್ರು," ಎಂದಳು. ನಾನು, ಒಳ್ಳೇದಾಯಿತು, ಎಂದು ಫೋನ್ ಇಟ್ಟೆ. ಹೇಳಬೇಕಾದದ್ದು ಹೊಟ್ಟೆಯೊಳಗೇ ಉಳಿಯಿತು.

ನನ್ನ ಕೆಲಸ ಹಲ್ಲಿನದು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚಿನಿಂದ ಕಟ್ಟುಹಲ್ಲು ಮಾಡುವ ಸಣ್ಣ ಕಾರ್ಯಾಗಾರದಲ್ಲಿ ಮೇಣ ಕೆತ್ತುತ್ತೇನೆ. ಕೂದಲೆಳೆಯಷ್ಟು ತಪ್ಪಿದರೂ ಕಚ್ಚಿದವರಿಗೆ ನೋವಾಗುತ್ತದೆ. ಸೋಮವಾರ ಬೆಳಿಗ್ಗೆ ಒಂದೇ ದವಡೆ ಹಲ್ಲನ್ನು ಮೂರು ಸಲ ಕೆಡಿಸಿದೆ. ತಡೆಯಲಾರದೆ ಅಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ತಂಗಿಯ ಗಂಡನಿಗೆ ಮಾಡಿದೆ, ಎತ್ತಲಿಲ್ಲ. ಹತ್ತೂವರೆಗೆ ತಂಗಿ ಅಳುತ್ತಾ ಫೋನ್ ಮಾಡಿದಳು. ಅವತ್ತು ಶಾಲೆಗೆ ರಜೆಯಂತೆ, ಮಾವ ಅಳಿಯ ಇಬ್ಬರೂ ಕಾರು ಓಡಿಸಿ ನೋಡಲು ದೊಡ್ಡ ರಸ್ತೆಗೆ ಹೋಗಿದ್ದರಂತೆ, ಕಾರು ಕೆಟ್ಟು ನಿಂತಿದೆಯಂತೆ, ರಸ್ತೆ ತುಂಬ ಎಣ್ಣೆಯಂತೆ.

ನಾನು ಆಟೋ ಹಿಡಿದು ಹೋದೆ. ಸ್ಟಿಯರಿಂಗ್ ಹಿಂದೆ ಎಣ್ಣೆಯ ಕೆಂಪು ದೀಪ ಹತ್ತಿದ ಕ್ಷಣವೇ ಅಪ್ಪ ಪಕ್ಕದ ಸೀಟಿನಿಂದ ಕೈಚಾಚಿ ಎಂಜಿನ್ ಆಫ್ ಮಾಡಿದ್ದರಿಂದ ಅದು ಉಳಿದಿತ್ತು. ಕಾರಿನ ಹಿಂದೆ ಉದ್ದಕ್ಕೂ ಕಪ್ಪು ಪಟ್ಟೆ. ಎಪ್ಪತ್ತನಾಲ್ಕು ವರ್ಷದ ನಮ್ಮಪ್ಪ, ಬಗ್ಗಲಾಗದ ಸೊಂಟವನ್ನು ಬಗ್ಗಿಸಿಕೊಂಡು, ರಸ್ತೆ ಬದಿಯ ಮಣ್ಣನ್ನು ಟೋಪಿಯಲ್ಲಿ ತುಂಬಿ ತಂದು ಆ ಎಣ್ಣೆಯ ಮೇಲೆ ಸುರಿಯುತ್ತಿದ್ದರು. ಯಾರಾದರೂ ಬೈಕಿನವರು ಜಾರಿ ಬಿದ್ದಾರು ಎಂದು. ಅವನು ಆಚೆ ತುದಿಯಲ್ಲಿ ಎರಡೂ ಕೈ ಎತ್ತಿ ಗಾಡಿಗಳನ್ನು ನಿಧಾನ ಮಾಡಿಸುತ್ತಿದ್ದ. ನಾನು ಸೆರಗು ಸಿಕ್ಕಿಸಿ ಮಣ್ಣು ತುಂಬಲು ನಿಂತೆ. ಒಂದು ಬೈಕ್ ಬಿದ್ದಿದ್ದರೂ ಅದು ನಾನು ಬೀಳಿಸಿದ್ದು.

ಕಾರನ್ನು ಎಳೆದು ಓಣಿಗೆ ತಂದ ಮೇಲೆ ಅವನೇ ಕೆಳಗೆ ಹೋಗಿ ಫಿಲ್ಟರ್ ಬಿಚ್ಚಿದ. ಎರಡು ಉಂಗುರಗಳೂ ಕೈಗೆ ಬಂದವು, ಹಳೆಯದು ಹಿಸುಕಿಹೋಗಿ ಒಂದು ಕಡೆ ಹೊರಗೆ ಚಿಮ್ಮಿತ್ತು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಇನ್ನು ಈ ಕಾರನ್ನು ಮುಟ್ಟುವುದಿಲ್ಲ ಮಾವ, ಅಂದ. ಅಪ್ಪ ಬೈದಾರೆಂದು ನಾನು ಕಾದೆ. ಅವರು ನಕ್ಕುಬಿಟ್ಟರು. ಮೊದಲನೇ ಸಲ ಎಲ್ಲರೂ ಮಾಡುವುದೇ, ಅಂದರು. ನನ್ನ ಮೊದಲನೇ ಸಲ ನಾನು ಒಂದು ವಾಷರ್ ಮರೆತಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದವರು ಇವರೇ. ಕೈಯೆಲ್ಲ ಮಣ್ಣಾಗಿದ್ದರೂ, ತಪ್ಪೆಲ್ಲ ನನ್ನದಾಗಿದ್ದರೂ, ಆ ಗಳಿಗೆಯಲ್ಲೂ ನನಗೆ ಹೊಟ್ಟೆ ಉರಿಯಿತು ನೋಡಿ. ನನ್ನಂಥವಳನ್ನು ಏನೆನ್ನಬೇಕು.

ಆಮೇಲೆ ಅಪ್ಪ ಆ ಉಂಗುರವನ್ನು ನನ್ನ ಕಡೆ ಹಿಡಿದರು. "ಟಾರ್ಚ್ ನಿನ್ನ ಕೈಲೇ ಇತ್ತಲ್ವಾ?"

"ಹೂಂ."

"ಇದು ಕಾಣಿಸಲಿಲ್ವಾ?"

"ಇಲ್ಲ."

ಸುಳ್ಳು ಬಾಯಿಂದ ತಾನಾಗಿ ಬಿತ್ತು. ಅಪ್ಪನಿಗೆ ಸಿಟ್ಟು ಬರಲಿಲ್ಲ. ಅವರ ಮುಖ ಇಳಿದುಹೋಯಿತು. ಹತ್ತಿರ ಬಂದು ನನ್ನ ಕಣ್ಣನ್ನೇ ನೋಡುತ್ತಾ, "ಎಷ್ಟು ದಿನದಿಂದ ಹೀಗಾಗಿದೆ, ದೊಡ್ಡು?" ಎಂದರು. ಕಂಡೂ ಸುಮ್ಮನಿದ್ದೆ ಎನ್ನುವುದು ಅವರ ತಲೆಗೇ ಬರಲಿಲ್ಲ. ನನ್ನ ಕಣ್ಣೇ ಹೋಗಿರಬೇಕು ಎಂದುಕೊಂಡರು. ಕಣ್ಣು ಹೋದರೆ ಹಲ್ಲು ಕೆತ್ತುವ ಕೆಲಸ ಹೋಯಿತು, ಕೆಲಸ ಹೋದರೆ ಗತಿಯೇನು ಎಂದು ಅವರ ಲೆಕ್ಕ ಆಗಲೇ ಅಲ್ಲಿವರೆಗೂ ಓಡಿತ್ತು. ಮರುಕ್ಷಣವೇ ಕಣ್ಣಿನ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿಸಿದರು. ಗುರುವಾರಕ್ಕೆ ಸಿಕ್ಕಿತು.

ಇನ್ನೊಂದು ನಿಜ ಹೇಳಬೇಕು. ಆ ಮೂರು ದಿನ ನನಗೆ ಸುಖವಾಗಿತ್ತು. ಅಪ್ಪ ಎರಡು ಬೀದಿ ನಡೆದು ದಿನಾ ಸಂಜೆ ನನ್ನ ಮನೆಗೆ ಬಂದರು. ಕಣ್ಣಿಗೆ ಆಯಾಸವೆಂದು ಟಿವಿ ಆರಿಸಿದರು. ಹೊಲಿಗೆ ಸೂಜಿಗೆ ತಾವೇ ದಾರ ಪೋಣಿಸಲು ಕೂತರು, ಅವರಿಗೆ ಅದರ ಕಣ್ಣು ಕಾಣದಿದ್ದರೂ. ಅಳಿಯ ದೇವರು ಜೊತೆಗೆ ಬರುತ್ತೇನೆಂದರೆ, ನೀವು ಬೇಡಿ, ನಾನು ನನ್ನ ಮಗಳು ಹೋಗುತ್ತೇವೆ, ಅಂದರಂತೆ. ಅದನ್ನು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನು ಸರಿಯಾಗಿ ಊಟ ಮಾಡುತ್ತಿಲ್ಲ, ಆ ನೋಟ್‌ಬುಕ್ಕನ್ನು ಹರಿದು ಹಾಕಿದ, ಎಂದು ತಂಗಿ ಹೇಳಿದಳು. ಪಾಪ ಎಂದೆ. ಒಳಗೆ ಪಾಪ ಅನಿಸಿರಲಿಲ್ಲ. ಗುರುವಾರ ರಸ್ತೆ ದಾಟುವಾಗ ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು. ಗೆದ್ದೆ ಎಂದುಕೊಂಡೆ.

ಕಣ್ಣಿನ ಡಾಕ್ಟರು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹಿರಿಯ ಹೆಂಗಸು. ಕತ್ತಲೆ ಕೋಣೆ, ಎದುರು ಗೋಡೆಯಲ್ಲಿ ಬೆಳಕಿನ ಪೆಟ್ಟಿಗೆ, ಅದರಲ್ಲಿ ಅಂಕಿಗಳ ಸಾಲು, ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತಾ. ಅಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತರು. ನಾನು ಮೂರು ಸಾಲು ಸರಿಯಾಗಿ ಓದಿ, ನಾಲ್ಕನೆಯದರಲ್ಲಿ ಎಂಟನ್ನು ಮೂರು ಎಂದೆ. ಐದನೆಯದು ಗೊತ್ತಾಗುತ್ತಿಲ್ಲ ಎಂದೆ. ಡಾಕ್ಟರು ಗಾಜು ಹಾಕಿ ತೆಗೆದು, ಹೀಗೆ ಕಾಣುತ್ತದಾ, ಹೀಗೆ ಕಾಣುತ್ತದಾ ಎಂದು ಕೇಳುತ್ತಾ ಹೋದರು. ನಾನು ಇಲ್ಲ ಇಲ್ಲ ಎನ್ನುತ್ತಾ ಹೋದೆ. ಕೊನೆಗೆ ಅವರು ದೀಪ ಹಿಡಿದು ಕಣ್ಣೊಳಗೆ ನೋಡಿ, ಹುಬ್ಬು ಗಂಟಿಕ್ಕಿ, ಕಣ್ಣಿಗೆ ಯಾವತ್ತಾದರೂ ಏಟು ಬಿದ್ದಿತ್ತಾ ಎಂದು ಕೇಳಿದರು.

ಉತ್ತರ ಕೊಟ್ಟಿದ್ದು ಮೂಲೆಯಲ್ಲಿ ಕೂತಿದ್ದ ಅಪ್ಪ.

"ತಪ್ಪು ನಂದು, ಡಾಕ್ಟ್ರೇ. ಹನ್ನೊಂದು ವರ್ಷದ ಮಗೂನ ಕಾರಿನ ಕೆಳಗೆ ಮಲಗಿಸ್ತಿದ್ದೆ. ಎಣ್ಣೆ ಮುಖದ ಮೇಲೇ ತೊಟ್ಟಿಕ್ಕೋದು. ಕಣ್ಣೊರೆಸ್ಕೊಂಡು ಮತ್ತೆ ಒಳಗೆ ಹೋಗೋದು ಇವಳು. ನನಗೆ ಜೊತೆ ಬೇಕಿತ್ತು, ಅದಕ್ಕೆ ಮಾಡಿಸ್ದೆ. ಒಂದಲ್ಲ ಎರಡಲ್ಲ, ಮೂವತ್ತೆರಡು ವರ್ಷ. ಅವಳನ್ನ ಒಂದು ದಿನಾನೂ ಕೆಳಗೆ ಕಳಿಸಬಾರದಿತ್ತು ನಾನು."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಯಾವುದಕ್ಕಾಗಿ ನಾನು ನಾಲ್ಕು ದಿನದಿಂದ ಉರಿದು ಬೂದಿಯಾಗಿದ್ದೆನೋ, ಆ ಭಾನುವಾರಗಳನ್ನೆಲ್ಲ ಅಪ್ಪ ತಪ್ಪು ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಿದ್ದರು. ಅವನಾದರೋ ನನ್ನ ಜಾಗದಲ್ಲಿ ಒಂದು ದಿನ ಮಲಗಿದ್ದ, ಅಷ್ಟೇ. ನಾನು ಆ ಜಾಗವನ್ನೇ ಹಾಳು ಮಾಡುತ್ತಿದ್ದೆ.

ಡಾಕ್ಟರು ಹಾಕಿದ್ದ ಗಾಜಿನ ಚೌಕಟ್ಟನ್ನು ಮುಖದಿಂದ ತೆಗೆದೆ. ಗೋಡೆಯ ಪೆಟ್ಟಿಗೆಯ ಕಟ್ಟಕಡೆಯ ಸಾಲು ನೋಡಿದೆ.

"ಐದು, ಎರಡು, ಒಂಬತ್ತು, ಎಂಟು, ಮೂರು, ಆರು," ಎಂದೆ. ಆಮೇಲೆ ಅದರ ಕೆಳಗೆ, ಪೆಟ್ಟಿಗೆ ತಯಾರಿಸಿದವರು ಇರುವೆಯ ಕಾಲಿನಷ್ಟು ಸಣ್ಣದಾಗಿ ಅಚ್ಚು ಹಾಕಿದ್ದ ವರ್ಷವನ್ನೂ ಓದಿದೆ.

ಡಾಕ್ಟರು ತಲೆಯ ಮೇಲಿನ ಕನ್ನಡಕವನ್ನು ಕೆಳಗಿಳಿಸಿಕೊಂಡು, ತಾವೇ ಎದ್ದು ಹೋಗಿ ಆ ವರ್ಷವನ್ನು ನೋಡಿ ಬಂದರು. ಈ ವಯಸ್ಸಿನಲ್ಲಿ ಇಷ್ಟು ಒಳ್ಳೇ ಕಣ್ಣನ್ನು ನೋಡಿಲ್ಲ, ಎದ್ದು ಹೋಗಿ, ಹೊರಗೆ ಜನ ಕಾಯುತ್ತಿದ್ದಾರೆ, ಎಂದರು.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ನಿಂತರು. ನನ್ನ ಮೊಣಕೈ ಹಿಡಿಯಲಿಲ್ಲ. "ಹಾಗಾದ್ರೆ ಉಂಗುರ ಕಾಣಿಸಿತ್ತು," ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಕಾಣಿಸಿತ್ತು. ನನ್ನ ಜಾಗದಲ್ಲಿ ಅವರು ಮಲಗಿದ್ರು. ನೀವು ನನಗೆ ವಯಸ್ಸಾಯ್ತು ಅಂದ್ರಿ. ಹೊಟ್ಟೆ ಉರೀತು, ಬಾಯಿ ಬಿಡಲಿಲ್ಲ."

ಅಪ್ಪ ರಸ್ತೆಯ ಕಡೆ ತಿರುಗಿದರು. ಬೈಕುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಈಗ ಬೈಯಲಿ, ಮೂರು ದಿನವಲ್ಲ ಮೂರು ವರ್ಷ ಮಾತು ಬಿಡಲಿ, ಆದರೆ ಆ ಭಾನುವಾರಗಳನ್ನು ಮಾತ್ರ ತಪ್ಪು ಎನ್ನದಿರಲಿ ಎಂದು ನಾನು ಕಾಯುತ್ತಿದ್ದೆ. ಅವರು ಜೇಬಿನಿಂದ ಫೋನ್ ತೆಗೆದು, ಒಂದು ನಂಬರ್ ಒತ್ತಿ, ರಿಂಗಾಗುತ್ತಿದ್ದ ಹಾಗೆಯೇ ಅದನ್ನು ನನ್ನ ಕೈಗಿಟ್ಟರು.

"ನನಗೆ ಹೇಳಿದ್ದು ಸಾಕು. ಅವರಿಗೆ ಹೇಳು."

ಒಂದೇ ರಿಂಗಿಗೆ ಅವನು ಎತ್ತಿದ. ಫೋನ್ ಕೈಯಲ್ಲೇ ಹಿಡಿದು ಕಾದಿದ್ದನೇನೋ. ಹಿಂದೆ ಶಾಲೆಯ ಮಕ್ಕಳ ಗಲಾಟೆ. ನಾನು ಬಾಯಿ ತೆರೆಯುವ ಮೊದಲೇ, "ಮಾವ, ಡಾಕ್ಟ್ರು ಏನಂದ್ರು? ಅಕ್ಕನ ಕಣ್ಣು ಉಳಿಯುತ್ತಾ?" ಎಂದು ಕೇಳಿದ.